ನೇಜಾಳಿಗೆ ಬಾರಿಸಿದ ಕಂಬಿ

ನಾನು ರೈಲ್ವೆಯ ಸಂಬಳದ ಆಳು. ರೆಕ್ಕೆ ಬಂದ ಚಕ್ರದ ಬಿಲ್ಲೆಯಿರುವ ಟೋಪಿ ಹಾಕಿಕೊಂಡು ಮೂಟೆ ಹೊರುವುದು, ಪ್ಲಾಟ್‌ಫಾರಂ ಗುಡಿಸುವುದು, ರೈಲು ಬಂದಾಗ ನಾನೇ ಅದನ್ನು ಕರೆಸಿದವನ ಹಾಗೆ ಎದೆಯುಬ್ಬಿಸಿ ನಿಲ್ಲುವುದು ನನ್ನ ಕೆಲಸ. ಒಂದು ಕಾಲು ಗಿಡ್ಡವಾದ್ದರಿಂದ ವಿಯೆನ್ನಾದ ಚಕ್ರವರ್ತಿಯ ಸೈನ್ಯಕ್ಕೆ ನಾನು ಬೇಡವಾದೆ. ವಾರಿಗೆಯವರೆಲ್ಲ ಯುದ್ಧಕ್ಕೆ ಹೋಗಿ, ಊರಿಗೆಲ್ಲ ನಾನೊಬ್ಬನೇ ಪ್ರಾಯದ ಗಂಡಸಾಗಿ ಉಳಿದೆ. ಆದರೂ ಒಂದು ಹುಡುಗಿಯೂ ನನ್ನ ಕಡೆ ತಿರುಗಿ ನೋಡಲಿಲ್ಲ.

ನನ್ನ ಕಥೆ ಅಷ್ಟೇ. ಹೇಳಬೇಕಾದ್ದು ಇಗರ್ಜಿಯ ಗಂಟೆ ಬಾರಿಸುವ ಗಾಶ್ಪರ್ ಮಾವನದು.

ಅವನ ಅಪ್ಪ, ಅಜ್ಜ ಎಲ್ಲರೂ ಅದೇ ಹಗ್ಗ ಹಿಡಿದು ಮುದುಕರಾದವರು. ಗುಡ್ಡದ ಮೇಲೆ ಆಲಿಕಲ್ಲಿನ ಮೋಡ ಕಪ್ಪಿಟ್ಟಿತೆಂದರೆ ಮಾವ ಊಟ ಬಿಟ್ಟು ಓಡಿ, ದೊಡ್ಡ ಗಂಟೆ ಬಾರಿಸಿ ಮೋಡ ಚದುರಿಸಬೇಕು. ದ್ರಾಕ್ಷಿತೋಟ ಉಳಿದರೆ ಗಂಟೆಯ ಪುಣ್ಯ, ಹಾಳಾದರೆ ಊರಿನವರ ಪಾಪ. ಆಮೇಲೆ ಮೋಡಕ್ಕೆ ಹೊಡೆಯುವ ತೋಪುಗಳು ಬಂದವು. ಆಲಿಕಲ್ಲು ಎಂದಿನಂತೆಯೇ ಬಿತ್ತು; ಮಾವನನ್ನು ಮಾತ್ರ ಯಾರೂ ಕರೆಯದಾದರು. ಅದರ ಬೆನ್ನಿಗೇ ರೈಲು ಬಂತು. ಒಂದು ಕಾಲಕ್ಕೆ ಅವನ ಗಂಟೆ ಕೇಳಿ ಊರು ಊಟಕ್ಕೆ ಕೂರುತ್ತಿತ್ತು. ಈಗ ಅವನೇ ದಿನವೂ ಬಿಸಿಲಲ್ಲಿ ಇಗರ್ಜಿಯ ಗುಡ್ಡ ಇಳಿದು ಬಂದು ನಿಲ್ದಾಣದ ಗಡಿಯಾರ ವಿಚಾರಿಸಿಕೊಂಡು ಹೋಗುವಂತಾಯಿತು.

“ಹೊತ್ತೆಷ್ಟಾಯ್ತೋ ಉರ್ಬಾನಾ?”

“ಮಧ್ಯಾಹ್ನ ಆಗೋಕೆ ಇನ್ನೂ ಸ್ವಲ್ಪ ಇದೆ, ಮಾವ.”

“ಸೂರ್ಯ ಆಗ್ಲೇ ನೆತ್ತಿ ಮೇಲೆ ಕೂತವ್ನಲ್ಲೋ!”

“ಅವನಿಗಿನ್ನೂ ವಿಯೆನ್ನಾದಿಂದ ತಂತಿ ಬಂದಿಲ್ಲ.”

ನನ್ನ ಹಾಸ್ಯಕ್ಕೆ ಊರಿನಲ್ಲಿ ನಗುತ್ತಿದ್ದವನು ಅವನೊಬ್ಬನೇ.

ಕೊನೆಗೆ ಅವನದು ಅಂತ ಉಳಿದದ್ದು ಸಾವಿನ ಗಂಟೆ, ಇಗರ್ಜಿ ಗೋಪುರದ ಮೂರು ಗಂಟೆಗಳಲ್ಲಿ ಸಣ್ಣದು. ಯಾರಾದರೂ ತೀರಿಕೊಂಡರೆ ಅದನ್ನು ಬಾರಿಸುತ್ತಿದ್ದ. ಕೇಳಿದವರು ಕುಡುಗೋಲು ಕೆಳಗಿಟ್ಟು, ಶಿಲುಬೆ ಗುರುತು ಹಾಕಿಕೊಂಡು, ಸತ್ತವರ ಮನೆಗೆ ಹೊರಡುತ್ತಿದ್ದರು. ಆ ಮನೆಯವರು ಬಾಯಿಬಿಟ್ಟು ಯಾರನ್ನೂ ಕರೆಯುವಂತಿಲ್ಲ. ಕರೆದರೆ ಕರೆಸಿಕೊಂಡವರ ಮನೆಗೂ ಸಾವು ಕಾಲಿಡುತ್ತದೆ. ಗಂಟೆಯೇ ಕರೆಯಬೇಕು.

ಯುದ್ಧದ ತೋಪು ಎರೆಯಲು ಕಂಚು ಬೇಕಾಯಿತು. ಮೊದಲ ಸಲ ದೊಡ್ಡ ಗಂಟೆಗಳು ಹೋದವು. ಮರುವರ್ಷ ಸಣ್ಣದಕ್ಕೂ ಬಂದರು. ಅಷ್ಟರಲ್ಲಿ ಮಾವನ ಹೆಂಡತಿ ನೇಜಾ ಎದೆಯ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಳು. ಬಂದ ಅಧಿಕಾರಿಗೆ ಜರ್ಮನ್ ಬಿಟ್ಟರೆ ಬೇರೆ ಬಾರದು. ಮಾವ ನನ್ನ ತೋಳು ಹಿಡಿದ. ನನ್ನ ಜರ್ಮನ್ನೋ, “ಟಿಕೆಟ್ ತೋರಿಸಿ”, “ಕಿಟಕಿಯಿಂದ ವಾಲಬೇಡಿ” ಇವುಗಳ ಆಚೆ ಹೋಗದು.

“ನನ್ನ ಹೆಂಡ್ತಿ ಹೋಗೋ ತನಕ ಬಿಟ್ಟಿರಿ ಅನ್ನೋ. ಆಮೇಲೆ ನಾನೇ ಹೊತ್ತು ತಂದ್ಕೊಡ್ತೀನಿ.”

ಹೇಳಿದೆ. ಏನು ಹೇಳಿದೆನೋ ದೇವರೇ ಬಲ್ಲ. ಅಧಿಕಾರಿ ಟೋಪಿ ಮುಟ್ಟಿ ಮರ್ಯಾದೆಯಿಂದ ಎರಡು ಮಾತಾಡಿದ.

“ಬೇಗ ಗುಣವಾಗ್ಲಿ ಅಂತಾರೆ, ಮಾವ.”

“ಗುಣವಾಗೋ ಹಾಗಿದ್ರೆ ಗಂಟೆ ಯಾಕೆ ಕೇಳ್ತಿದ್ದೆ?”

ಗಂಟೆಯನ್ನು ವ್ಯಾಗನ್ನಿಗೆ ಏರಿಸಿದವನು ನಾನೇ. ನಮ್ಮ ನಿಲ್ದಾಣದ ಗಂಟೆಯೂ ಅದೇ ವ್ಯಾಗನ್ನಿನಲ್ಲಿ ಹೋಯಿತು. ಅದರ ಬದಲು ಒಂದು ತುಂಡು ರೈಲುಕಂಬಿ ನೇತುಹಾಕಿಕೊಂಡೆವು. ಯುದ್ಧದಿಂದ ಗಾಯಾಳುಗಳನ್ನು ತರುವ ರೈಲಿಗೆ ಹೊತ್ತುಗೊತ್ತಿಲ್ಲ. ಪಕ್ಕದ ನಿಲ್ದಾಣದಿಂದ ತಂತಿ ಬಂದೊಡನೆ ನಾನು ಕಂಬಿ ಬಾರಿಸಬೇಕು. ಸದ್ದಿಗೆ ಹೆಂಗಸರು ರೊಟ್ಟಿ, ಒಣಗಿಸಿದ ಸೇಬು ಸೆರಗಿಗೆ ತುಂಬಿಕೊಂಡು ಓಡಿ ಬರುತ್ತಿದ್ದರು. ಒಮ್ಮೆ ಒಬ್ಬಳಿಗೆ ಆ ರೈಲಿನಲ್ಲೇ ಮಗ ಸಿಕ್ಕಿಯೂ ಸಿಕ್ಕಿದ. ಆಮೇಲಂತೂ ಒಬ್ಬರೂ ತಪ್ಪಿಸುತ್ತಿರಲಿಲ್ಲ.

ಮಾವನೂ ಒಂದು ತುಂಡು ಕಂಬಿ ಕೇಳಿ ಪಡೆದ. ಗೋಪುರಕ್ಕೆ ಹತ್ತಿಸಿ ಕಟ್ಟಿದೆವು. ಮೆಲ್ಲಗೆ ತಟ್ಟಿ ನೋಡಿದ. ಗೋಪುರಕ್ಕೆ ಅಂಟಿಕೊಂಡೇ ಅವನ ಮನೆ; ಕಿಟಕಿಯೊಳಗಿಂದ ನೇಜಾಳ ದನಿ ಬಂತು:

“ಏ ಮುದುಕಾ, ನನ್ನ ಯಾವೂರಿಗೆ ಸಾಗಹಾಕ್ತಿದೀಯಾ? ಟಿಕೆಟ್ ತಗೊಂಡ್ಯಾ?”

ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಂತ ಮೇಲೆ, “ಕಂಬಿನೋ ಕುಂಬಳಕಾಯೋ, ಏನಾದ್ರೂ ಬಾರಿಸು. ಸದ್ದಿಲ್ದೆ ಕಳಿಸ್ಬೇಡ. ನಾಲ್ಕು ಜನ ಬರ್ಲಿ” ಅಂದಳು.

ಹುಲ್ಲು ಕೊಯ್ಯುವ ಕಾಲದಲ್ಲಿ ಒಂದು ಬೆಳಿಗ್ಗೆ ಪ್ಲಾಟ್‌ಫಾರಂ ಗುಡಿಸುತ್ತಿದ್ದೆ. ಕಂಬಿಯ ಸದ್ದು ಕೇಳಿತು. ನಮ್ಮ ಕಂಬಿ ನೋಡಿದರೆ ಸುಮ್ಮನೆ ನೇತಾಡುತ್ತಿದೆ. ಅರ್ಥವಾಗಿ ಟೋಪಿ ತೆಗೆಯುವಷ್ಟರಲ್ಲಿ ಹೆಂಗಸರು ಹೊಲದಿಂದ ಓಡಿ ಬರುತ್ತಿದ್ದರು, ಎಲ್ಲರಿಗಿಂತ ಮುಂದೆ ಇಬ್ಬರು ಮಕ್ಕಳನ್ನು ಯುದ್ಧಕ್ಕೆ ಕಳಿಸಿದ ಬಾರ್ಬಾ.

“ಎಷ್ಟೊತ್ತಿಗೋ ರೈಲು?”

“ರೈಲಿಲ್ಲ, ಅತ್ತೆ. ಅದು ಗೋಪುರದ್ದು. ನೇಜಾ ಅತ್ತೆ...”

“ನಮ್ಗೇನು ಕಿವಿ ಇಲ್ವಾ? ಕಂಬಿ ಬಾರಿಸಿದ್ದು ಕೇಳ್ಲಿಲ್ವಾ?”

“ಇವನಿಗ್ಯಾವತ್ತು ಗೊತ್ತಿತ್ತು ಬಿಡೇ. ಹೋದ್ಸಲ ಗೂಡ್ಸ್ ರೈಲಿಗೂ ಸಲಾಮು ಹೊಡೆದ್ನಲ್ಲ!” ಎಂದಳು ಇನ್ನೊಬ್ಬಳು.

ಅದು ನಿಜ. ಗೋಪುರದ ಕಡೆ ಕೈ ತೋರಿಸಿ, ನೇಜಾ ಹೋದಳೆಂದು ಮತ್ತೆ ಮತ್ತೆ ಹೇಳಿದೆ. ಬಾರ್ಬಾ ಶಿಲುಬೆ ಗುರುತು ಹಾಕಿಕೊಂಡಳು. ಕಣ್ಣು ಮಾತ್ರ ಹಳಿಯ ಮೇಲೇ ಇತ್ತು.

“ಪಾಪ, ಒಳ್ಳೇವಳು. ರೈಲು ಬರುತ್ತೇನೋ ಸ್ವಲ್ಪ ನೋಡ್ಕೊಂಡು ಆಮೇಲೆ ಹೋಗ್ತೀವಿ.”

ಸದ್ದು ನಿಂತು ಎಷ್ಟೋ ಹೊತ್ತಾದ ಮೇಲೆ ಮಾವ ತಾನೇ ಇಳಿದು ಬಂದ, ಭಾನುವಾರದ ಕೋಟು ಹಾಕಿಕೊಂಡು. ಪ್ಲಾಟ್‌ಫಾರಂ ತುಂಬ ಊರಿನ ಹೆಂಗಸರು. ಬಾಯಿಬಿಟ್ಟು ಕರೆಯುವಂತಿಲ್ಲ. ನನ್ನ ಹತ್ತಿರ ಬಂದು ನಿಂತ.

“ಯಾರಿಗೂ ಕೇಳಿಸ್ಲಿಲ್ವೇನೋ?”

“ಎಲ್ಲರಿಗೂ ಕೇಳಿಸ್ತು, ಮಾವ.”

ಅಷ್ಟು ಹೊತ್ತಿಗೆ ಬಾರ್ಬಾ ಅವನ ಕೋಟು ನೋಡಿದಳು. ಸೆರಗಿನ ರೊಟ್ಟಿ ಸರಿಮಾಡಿಕೊಂಡು, “ನಡೀರೇ” ಅಂದಳು. ಒಬ್ಬೊಬ್ಬರಾಗಿ ಗುಡ್ಡದ ದಾರಿ ಹಿಡಿದರು. ಮಾವನ ಮುಖ ಸ್ವಲ್ಪ ಗೆಲುವಾಯಿತು.

“ಹೆಂಗಸು ಹೋದ್ರೆ ಸಾವಿನ ಗಂಟೆ ಎರಡು ಸರದಿ ಕಣೋ. ಒಂದೇ ಆಗಿದೆ. ಇನ್ನೊಂದು ಬಾರಿಸ್ಬೇಕು” ಎಂದು ಅಡ್ಡದಾರಿಯಲ್ಲಿ ಬೇಗ ಬೇಗ ಹತ್ತಿ ಹೋದ.

ಬೇಡ ಎನ್ನಲು ನಾನು ಯಾರು? ಎನ್ನದೆ ಇರಲಾದರೂ ನಾನು ಯಾರು?

ಕಂಬಿ ಮತ್ತೆ ಮೊಳಗಿತು. ಅರ್ಧ ಗುಡ್ಡ ಹತ್ತಿದ್ದ ಹೆಂಗಸರು ಗಕ್ಕನೆ ನಿಂತರು. ಬಾರ್ಬಾ ಗೋಪುರದ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ನಾನು ಎರಡೂ ಕೈ ಎತ್ತಿ, ಇಲ್ಲ ಇಲ್ಲ ಎಂದು ಬೀಸಿದೆ. ದೂರದಿಂದ ಅದು ಬನ್ನಿ ಬನ್ನಿ ಎಂದಂತೆ ಕಂಡಿರಬೇಕು. ರೊಟ್ಟಿಯ ಸೆರಗು ಎತ್ತಿ ಹಿಡಿದು ಎಲ್ಲರೂ ನಿಲ್ದಾಣಕ್ಕೆ ಓಡಿ ಬಂದರು.