ನೆಗೊವಾನನ ತಾಮ್ರದ ಎಳೆ

ಟಿಸಾ ನದಿ ದಂಡೆಯ ಆ ಊರಿನಲ್ಲಿ ಸಿಡಿಲು ಬಡಿದರೆ ನೋವಾಗುವುದು ಸಿಡಿಲಿಗೇ ಎಂದು ಜನ ಹೇಳುತ್ತಿದ್ದರು. ಅದಕ್ಕೆ ಕಾರಣ ನೆಗೊವಾನ್ ಕಟ್ಟಿಕೊಟ್ಟ ತಾಮ್ರದ ಎಳೆ. ಅಂಗಡಿಯಲ್ಲಿ ಉಪ್ಪೇ ಸಿಗದಿದ್ದ ತೊಂಬತ್ತರ ದಶಕದಲ್ಲಿ ಫ್ಯೂಸು ಎಲ್ಲಿಂದ ಬರಬೇಕು? ಸಕ್ಕರೆ ಕಾರ್ಖಾನೆಯ ಎಲೆಕ್ಟ್ರಿಷಿಯನ್ ಆಗಿದ್ದ ನೆಗೊವಾನ್ ಹಳೇ ವೈರು ಸುಲಿದು, ಒಳಗಿನ ಕೂದಲಿನಂಥ ಎಳೆಗಳಲ್ಲಿ ಒಂದನ್ನೋ ಎರಡನ್ನೋ ಎಳೆದು, ಸುಟ್ಟ ಫ್ಯೂಸಿನ ಮೈಗೆ ಸುತ್ತಿ ಕೊಡುತ್ತಿದ್ದ. ಒಮ್ಮೆ ಊರಿನ ಸಬ್‌ಸ್ಟೇಷನ್ನೇ ಕರಗಿ ನೀರಾದಾಗ ಇಗರ್ಜಿಯ ಫ್ಯೂಸ್ ಬೋರ್ಡಿನಲ್ಲಿ ಅವನ ಎಳೆ ಮಾತ್ರ ಮೂರು ದಿನ ಕೆಂಪಗೆ ಹೊಳೆಯುತ್ತಿತ್ತಂತೆ. ಪಾದ್ರಿ ಅದರಲ್ಲೇ ಮೇಣದಬತ್ತಿ ಹಚ್ಚಿಕೊಂಡರಂತೆ. ಪಾದ್ರಿ ಸುಳ್ಳು ಹೇಳುವವರಲ್ಲ. ಇದನ್ನು ಹೇಳಿದ್ದು ಅವರಲ್ಲ ಎನ್ನುವುದು ಬೇರೆ ಮಾತು.

ಕೊರತೆಯ ಕಾಲ ಹೋಯಿತು, ಕಾರ್ಖಾನೆಯೂ ಮುಚ್ಚಿತು, ಎಳೆ ಮಾತ್ರ ಉಳಿಯಿತು. ಮುದುಕರೆಲ್ಲ ಎಲೆಕ್ಟ್ರಿಕ್ ಬೈಕು ಹತ್ತಿದ ಮೇಲೆ ನೆಗೊವಾನನ ಹಿತ್ತಲ ಕೊಟ್ಟಿಗೆ ರಿಪೇರಿ ಅಂಗಡಿಯಾಯಿತು. ಬೈಕಿನ ಫ್ಯೂಸು ಹಾರಿದರೆ ಹೊಸದನ್ನು ತರಿಸುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಒಂದೆಳೆ ಸುತ್ತು, ಒಂದು ಗುಟುಕು ರಾಕಿಯಾ ಸಾರಾಯಿ ಕುಡಿ, ಮನೆಗೆ ನಡೆ.

ಹೋದ ವರ್ಷ ಅಕ್ಟೋಬರಿನಲ್ಲಿ ಯಾಗೊದಾ ಸತ್ತಳು. ಸಂತೆಯಿಂದ ಮಳೆಯಲ್ಲಿ ನೆನೆದು ಬಂದವಳು ಬೈಕನ್ನು ನಡುಮನೆಯ ಗೋಡೆಗೊರಗಿಸಿ, ಒಳಗೆ ಹೋಗಿ ಮಲಗಿದ್ದಳು. ಗಂಡ ಸ್ಪಾಸೊಯೆ ಹೊಳೆಯ ಹತ್ತಿರ ಗಾಳ ಹಾಕಿಕೊಂಡು ಕೂತಿದ್ದ. ಅವನು ಬರುವಷ್ಟರಲ್ಲಿ ಬೈಕು ಹೊತ್ತಿ ಉರಿದು, ಹೊಗೆ ಕೆಲಸ ಮುಗಿಸಿತ್ತು. ತನಿಖೆಗೆ ಬಂದವರು ಕರಕಲಾದ ಕಬ್ಬಿಣ ತಿರುವಿಹಾಕಿ, ಬ್ಯಾಟರಿ ಕೆಟ್ಟದ್ದು ಎಂದು ಬರೆದುಕೊಂಡು ಹೋದರು. ಊರೂ ಅದನ್ನೇ ನಂಬಿತು. ಆ ಬೈಕಿನಲ್ಲಿ ಮೋಟಾರಿಗೆ ಕರೆಂಟು ಹಾಯಿಸುವ ಕಂಟ್ರೋಲರಿಗೆ ಫ್ಯೂಸೇ ಇರಲಿಲ್ಲ, ಅದರ ಜಾಗದಲ್ಲಿ ನಾಲ್ಕು ತಾಮ್ರದ ಎಳೆ ಇತ್ತು, ಬೆಂಕಿ ಹತ್ತಿದ್ದು ಅದರಿಂದಲೇ ಎಂಬುದು ಒಬ್ಬನಿಗೆ ಮಾತ್ರ ಗೊತ್ತಿತ್ತು. ಸುತ್ತಿದವನಿಗೆ.

ಅವನು ಬೇರೆ ಯಾರೋ ಆಗಿದ್ದರೆ ಇಷ್ಟು ಭಾರವಾಗುತ್ತಿರಲಿಲ್ಲವೇನೋ. ನೆಗೊವಾನ್ ಸ್ಪಾಸೊಯೆಯ ಕೂಮ. ಮದುವೆಯಲ್ಲಿ ಅವನ ಪಕ್ಕ ನಿಂತು ಸಾಕ್ಷಿಯಾದವನು; ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೂಮ. ಆ ಬಯಲುಸೀಮೆಯಲ್ಲಿ ಅಣ್ಣತಮ್ಮಂದಿರು ಕೋರ್ಟು ಹತ್ತಬಹುದು, ಗಂಡಹೆಂಡಿರು ಬೇರೆಯಾಗಬಹುದು, ಕೂಮನನ್ನು ಕಳೆದುಕೊಂಡವನ ಮನೆಗೆ ಮಾತ್ರ ಕಾಗೆಯೂ ಇಳಿಯುವುದಿಲ್ಲ.

ಆಮೇಲೆ ನೆಗೊವಾನ್ ಎಳೆ ಕಟ್ಟುವುದನ್ನು ಬಿಟ್ಟ. ಕೇಳಿದವರಿಗೆ ಕಣ್ಣು ಮಂಜು, ಕೈ ನಡುಕ ಎನ್ನುತ್ತಿದ್ದ. ಮನೆಮನೆಗೆ ಹೋಗಿ ತಾನೇ ಸುತ್ತಿದ ಎಳೆಗಳನ್ನು ಕಿತ್ತು ಸರಿಯಾದ ಫ್ಯೂಸು ಹಾಕಿ ಬಂದ. ಇಸ್ತ್ರಿಪೆಟ್ಟಿಗೆ ಇಟ್ಟರೆ ಸಾಕು ಬೀದಿಗೆ ಬೀದಿಯೇ ಕತ್ತಲಾಗತೊಡಗಿತು. ಹೆಂಗಸರು ಅವನ ಮೂರು ತಲೆಮಾರಿಗೆ ಶಾಪ ಹಾಕಿದರು. ಅವನಿಗೆ ಮಕ್ಕಳಿಲ್ಲದ್ದರಿಂದ ಶಾಪವೆಲ್ಲ ಹಿಂದಿನವರಿಗೇ ಸಂದಿತು.

ಯಾಗೊದಾಳ ವರ್ಷದ ಪೂಜೆ ಶನಿವಾರ. ಅದರ ಹಿಂದಿನ ದಿನ ಬೆಳಿಗ್ಗೆ ಸ್ಪಾಸೊಯೆ ತನ್ನ ಬೈಕನ್ನು ತಳ್ಳಿಕೊಂಡು, ಕುಂಟುತ್ತಾ ಕೊಟ್ಟಿಗೆಗೆ ಬಂದ. ಗ್ರಾತ್ಸ್‌ನಲ್ಲಿ ದುಡಿಯುವ ಅಳಿಯ ಕಳಿಸಿದ ಬೈಕು ಅದು. ಸ್ಪಾಸೊಯೆಗೆ ಒಂದು ಮೊಣಕಾಲು ಕೆಲಸ ಮಾಡುವುದಿಲ್ಲ. ಸ್ಮಶಾನವಿರುವುದು ನಾಲ್ಕು ಕಿಲೋಮೀಟರ್ ಆಚೆಯ ದಿಬ್ಬದ ಮೇಲೆ. ಒಂದು ವರ್ಷದಲ್ಲಿ ಒಂದು ಶನಿವಾರವನ್ನೂ ಅವನು ತಪ್ಪಿಸಿರಲಿಲ್ಲ. ಫ್ಯೂಸು ಹಾರಿದೆ ಎಂದು ಹೇಳಿ, ಕಾರಿನ ಸಾಮಾನಿನಂಗಡಿಯಿಂದ ತಂದ ಹೊಸದೊಂದನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಹಸಿರು ಬಣ್ಣದ್ದು, ಮೂವತ್ತು ಆಂಪಿಯರ್.

ನೆಗೊವಾನ್ ಹಾರಿದ ಫ್ಯೂಸನ್ನು ಭೂತಗನ್ನಡಿಯಲ್ಲಿ ನೋಡಿದ. ಅದೂ ಮೂವತ್ತೇ. ಆದರೆ ಅದರ ನೆತ್ತಿಯ ಮೇಲೆ ಇರುವೆ ಬರೆದಷ್ಟು ಸಣ್ಣಗೆ ಐವತ್ತೆಂಟು ವೋಲ್ಟ್ ಎಂದಿತ್ತು. ಹೊಸದರ ಮೇಲೆ ಮೂವತ್ತೆರಡು.

"ಇದು ಆಗಲ್ಲ, ಕೂಮ," ಎಂದ.

"ಯಾಕಾಗಲ್ಲ? ಅದೂ ಮೂವತ್ತು, ಇದೂ ಮೂವತ್ತು. ಬಣ್ಣ ಹಿಡಿಸ್ಲಿಲ್ವಾ?"

ನೆಗೊವಾನ್ ವಿವರಿಸಿದ. ಆಂಪಿಯರ್ ನೋಡಿದರಷ್ಟೇ ಸಾಲದು. ಈ ಬ್ಯಾಟರಿ ತುಂಬಿದಾಗ ಐವತ್ನಾಲ್ಕೂವರೆ ವೋಲ್ಟ್. ಕಾರಿನ ಫ್ಯೂಸು ಹಾರಿದರೂ ಕಿಡಿ ಒಳಗಿನ ತಂತಿ ಕರಗಿದ ಸಂದನ್ನು ದಾಟಿ ಉರಿಯುತ್ತಲೇ ಇರಬಹುದು. ಬಾಗಿಲು ಮುಚ್ಚಿದೆ, ಕಳ್ಳ ಒಳಗೇ ಇದ್ದಾನೆ ಅನ್ನುವ ಹಾಗೆ. ದೊಡ್ಡ ಆಂಪಿಯರಿನದು ಹಾಕಿದರೆ ಫ್ಯೂಸಿಗಿಂತ ಮೊದಲು ವೈರು ಬೇಯುತ್ತದೆ. ಹಾರಿದ ಕಾರಣ ಹುಡುಕದೆ ಯಾವುದನ್ನು ಹಾಕಿದರೂ ದಂಡ. ಹೇಳುತ್ತಲೇ ಅವನು ವೈರನ್ನು ಬೆರಳಿನಿಂದ ಸವರುತ್ತಾ ಹೋದ. ಹ್ಯಾಂಡಲ್ಲಿನ ಕುತ್ತಿಗೆಯ ಹತ್ತಿರ ಬೆರಳು ನಿಂತಿತು. ಅಲ್ಲಿ ಮೇಲಿನ ರಬ್ಬರು ಸವೆದು ತಾಮ್ರ ಕಾಣುತ್ತಿತ್ತು. ಅದಕ್ಕೆ ಹೊಸ ವೈರು ಹಾಕಿದ. ಸರಿಯಾದ ಫ್ಯೂಸು ನೋವಿ ಸಾದ್‌ನಿಂದ ಮಂಗಳವಾರಕ್ಕೆ ಬರುತ್ತದೆ, ನಾಳೆ ನೆರೆಮನೆಯವನ ಕಾರಿನಲ್ಲಿ ಹೋಗೋಣ ಎಂದ.

ಸ್ಪಾಸೊಯೆ ನಕ್ಕ. "ಅವಳ ಹತ್ರ ಯಾರದೋ ಕಾರಲ್ಲಿ ಹೋಗ್ಲಾ? ನೀನು ಮುದುಕ ಆದೆ ಕಣೋ. ಒಂದೆಳೆ ಸುತ್ತು, ಸಾಕು. ಯಾಗೊದಾಳ ಬೈಕಿಗೆ ಸುತ್ತಿದ್ಯಲ್ಲ, ಹಾಗೆ. ಆಮೇಲೆ ಒಂದು ದಿನಾನೂ ಅದು ಹಾರ್ಲಿಲ್ಲ ಅಂತ ಅವಳು ಊರೆಲ್ಲ ಹೊಗಳ್ತಿದ್ಲು."

ಕೈಯಲ್ಲಿದ್ದ ಭೂತಗನ್ನಡಿಯನ್ನು ನೆಗೊವಾನ್ ಕೆಳಗಿಟ್ಟ. ಡ್ರಾಯರಿನಲ್ಲಿ ಎಳೆಗಳಿದ್ದವು. ಸುತ್ತಲು ಎರಡು ನಿಮಿಷ ಸಾಕು. ಮಂಗಳವಾರ ಸದ್ದಿಲ್ಲದೆ ತೆಗೆದರಾಯಿತು. ನಾಲ್ಕು ದಿನದಲ್ಲಿ ಏನಾಗುತ್ತದೆ? ಯಾಗೊದಾಳದೂ ಸುತ್ತಿಸಿಕೊಂಡ ಹನ್ನೊಂದನೇ ದಿನವಷ್ಟೇ ಉರಿದದ್ದು. ಆ ಹನ್ನೊಂದು ದಿನವನ್ನೂ ಈ ಹಾಳು ತಲೆ ಲೆಕ್ಕ ಇಟ್ಟುಕೊಂಡಿತ್ತು.

"ಅದಕ್ಕೇ ಹಾರ್ಲಿಲ್ಲ, ಸ್ಪಾಸೊಯೆ," ಎಂದ. "ಹಾರ್ಬೇಕಿತ್ತು."

"ಏನಂದೆ?"

"ಅವಳ ಬೈಕಲ್ಲಿ ಫ್ಯೂಸು ಎರಡು ಸಲ ಹಾರಿತ್ತು. ಯಾಕೆ ಅಂತ ನಾನು ನೋಡ್ಲಿಲ್ಲ. ಸಂತೆಗೆ ಹೊತ್ತಾಯ್ತು ಅಂದ್ಲು, ನಾಲ್ಕೆಳೆ ಸುತ್ತಿ ಕೊಟ್ಟೆ. ಬ್ಯಾಟರಿದಲ್ಲ ತಪ್ಪು."

ಹೊರಗೆ ಯಾರದೋ ಬಾತುಕೋಳಿಗಳು ಜಗಳವಾಡುತ್ತಿದ್ದವು. ಸ್ಪಾಸೊಯೆ ಆ ಹಸಿರು ಫ್ಯೂಸನ್ನು ಕೈಗೆತ್ತಿಕೊಂಡ. ಬೈಯಲಿಲ್ಲ. ಕೈಯೆತ್ತಿದ್ದರೆ ನೆಗೊವಾನ್ ಅದೇ ಪ್ರಸಾದವೆಂದು ತಿನ್ನುತ್ತಿದ್ದ. ಫ್ಯೂಸನ್ನು ಜೇಬಿಗೆ ಹಾಕಿಕೊಂಡು, ಬೈಕನ್ನು ಅಲ್ಲೇ ಬಿಟ್ಟು, ಸ್ಪಾಸೊಯೆ ಕುಂಟುತ್ತಾ ಹೊರಟುಹೋದ.

ಶನಿವಾರ ಅವನು ದಿಬ್ಬದವರೆಗೆ ನಡೆದೇ ಬಂದ. ಬೆಳಗಿನ ಜಾವ ಹೊರಟಿರಬೇಕು. ಪಾದ್ರಿ ಬರುವ ಹೊತ್ತಿಗೆ ಗೋರಿಯ ಬಳಿ ಊರುಗೋಲಿನ ಮೇಲೆ ಬಾಗಿ ನಿಂತಿದ್ದ. ಸತ್ತವರ ಹೆಸರಲ್ಲಿ ಹಂಚುವ ಬೇಯಿಸಿದ ಗೋಧಿ ಎಲ್ಲರ ಕೈಗೂ ಬಂತು, ನೆಗೊವಾನನ ಕೈಗೂ. ಗೋರಿಯ ಮೇಲೆ ವೈನ್ ಸುರಿಯುವುದು ಆ ಮನೆಯಲ್ಲಿ ಕೂಮನ ಕೆಲಸ. ಬಾಟಲಿಗೆಂದು ನೆಗೊವಾನ್ ಕೈ ಚಾಚಿದ. ಸ್ಪಾಸೊಯೆ ಅವನ ಕೈಯನ್ನು ಕಾಣಲೇ ಇಲ್ಲವೇನೋ, ತಾನೇ ಸುರಿದ.

ಮಂಗಳವಾರ ಫ್ಯೂಸು ಬಂತು. ನೆಗೊವಾನ್ ಎರಡು ತರಿಸಿದ್ದ. ಮೂವತ್ತು ಆಂಪಿಯರ್, ಐವತ್ತೆಂಟು ವೋಲ್ಟ್. ಸ್ಪಾಸೊಯೆ ಬಂದು ಹೊಸ್ತಿಲಲ್ಲೇ ನಿಂತ. ನೆಗೊವಾನ್ ಫ್ಯೂಸು ಕೂರಿಸಿ, ಚಕ್ರ ತಿರುಗಿಸಿ ತೋರಿಸಿ, ಮಿಕ್ಕಿದ್ದನ್ನು ಕಾಗದದಲ್ಲಿ ಸುತ್ತಿ ಮುಂದೆ ಹಿಡಿದ.

"ಇದನ್ನೂ ಇಟ್ಕೋ, ಕೂಮ. ಬೇಕಾಗುತ್ತೆ."

"ಬೇಡ," ಎಂದ ಸ್ಪಾಸೊಯೆ. "ಅದು ನಿಮ್ಮ ಹತ್ರಾನೇ ಇರ್ಲಿ. ಹಾರಿದ್ರೆ ಬರ್ತೀನಿ, ಮೇಸ್ತ್ರಿ. ಯಾಕೆ ಹಾರ್ತು ಅಂತ ಮೊದಲು ನೋಡಿ, ಆಮೇಲೆ ಹಾಕಿ."

ಐವತ್ತು ವರ್ಷದಲ್ಲಿ ಅವನ ಬಾಯಲ್ಲಿ ನೆಗೊವಾನ್ ಎಂದೂ 'ನೀವು' ಆಗಿರಲಿಲ್ಲ. ಬೈಕು ಗೇಟು ದಾಟಿ, ದಿಬ್ಬದ ಕಡೆಗೆ, ಸದ್ದಿಲ್ಲದೆ ಹೋಯಿತು. ಉಳಿದ ಫ್ಯೂಸನ್ನು ನೆಗೊವಾನ್ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಅದು ಈಗಲೂ ಅಲ್ಲೇ ಇದೆ. ಆ ಬೈಕು ಮತ್ತೆ ಕೆಡಲಿಲ್ಲ.