ಹೆಸರು ಹೇಳದ ಸೊಪ್ಪು

ಹುತ್ರಿದುರ್ಗದ ಕಾಡು ಬಿಟ್ಟು ಬಂದು ತುಮಕೂರು ಬಸ್‌ಸ್ಟ್ಯಾಂಡಿನ ಪಕ್ಕ ನಾರುಬೇರು ಮಾರುವ ಇರುಳಿಗರ ಪುಟ್ಟಮಾದಮ್ಮನಿಗೆ ಪ್ಯಾಂಟು ತೊಟ್ಟವರೆಲ್ಲ ಫಾರೆಸ್ಟಿನವರು. ಬೆಲ್‌ಬಾಟಮ್ ತೊಟ್ಟವರು ಅವರ ಸಾಹೇಬರು. ಕಾಮಾಲೆಗೆ ಮದ್ದು ಕೇಳಿದರೆ, ಉಗುರಿನ ಹಳದಿ ಬರೀ ಅರಿಶಿನವೇನೋ ಎಂದು ಸೆರಗಿನಿಂದ ಉಜ್ಜಿ ನೋಡುತ್ತಾಳೆ. ಆಮೇಲೆ ಬೆನ್ನು ತಿರುಗಿಸಿ ಕೂತು, ಯಾರಿಗೂ ಗುರುತು ಸಿಗದಂತೆ ಸೊಪ್ಪು ಅರೆದು ಉಂಡೆ ಮಾಡಿಯೇ ಕೊಡುತ್ತಾಳೆ. ಯಾವ ಸೊಪ್ಪೆಂದು ಕೇಳಿಬಿಟ್ಟರೋ, "ಹೆಸ್ರು ಹೇಳ್ಬುಟ್ರೆ ಮದ್ದು ಹಿಡಿಯಾಕಿಲ್ಲ, ಹೋಗಿ ಸ್ವಾಮಿ!" ಎಂದು ಗದರುತ್ತಾಳೆ. ಮಗುವಿಗೆ ಕಾಮಾಲೆಯೆಂದು ಗುಬ್ಬಿಯಿಂದ ದಿನವೂ ಬಸ್ಸು ಹತ್ತಿ ಬರುವ ಸ್ವಂತ ಮಗಳಿಗೂ ಉಂಡೆಯೇ ಗತಿ. "ನಂಗಾದ್ರೂ ಹೇಳವ್ವ, ನಮ್ಮ ಹಿತ್ಲಲ್ಲೇ ಬೆಳ್ದಿರ್ಬೋದು" ಎನ್ನುತ್ತಾಳೆ ಮಗಳು. ಹಿತ್ತಲಲ್ಲೇ ಸಿಕ್ಕಿಬಿಟ್ಟರೆ ಇವಳು ಇತ್ತ ತಲೆ ಹಾಕಿಯಾಳೇ ಎಂಬುದೇ ಪುಟ್ಟಮಾದಮ್ಮನ ದೊಡ್ಡ ಅನುಮಾನ. ಉಂಡೆಯನ್ನು ಮಗಳ ಕೈಗಿಟ್ಟು, "ಹಸೀದೇ ಆಗ್ಬೇಕು ಕಣೇ, ನಾಳೀಕೂ ಬಾ" ಎನ್ನುತ್ತಾಳೆ.