ಪೆಟ್ಟಿಗೆಯ ಕೊನೆಯ ದೀಪ

ನಿಧಿ, ಅಥರ್ವ, ಈ ಪುಟಗಳು ನಿಮಗಾಗಿ. ಕನ್ನಡ ಓದಲು ಕಷ್ಟವಾದರೆ ಅಪ್ಪನಿಂದ ಓದಿಸಿಕೊಳ್ಳಿ. ನಾಲ್ಕು ಜನರ ಮುಂದೆ ಹೇಳಲು ನನಗೆ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಊರಿನ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಆದರೂ ಶಕುನ, ಸೂಚನೆ ಎಂದು ಯಾರಾದರೂ ಹೇಳಿದರೆ ಒಳಗೊಳಗೇ ನಗುತ್ತಿದ್ದೆ. ಈಗ ನಗುವುದಿಲ್ಲ.

ಘಣಸೋಲಿಯ ನಮ್ಮ ಹಾಲ್‌ನಲ್ಲಿ ಟಿವಿಯ ಪಕ್ಕ ಅಂಗೈಯಷ್ಟು ದೊಡ್ಡ ಬಿಳಿ ಪೆಟ್ಟಿಗೆ ಇದೆಯಲ್ಲ, ಅದನ್ನು ತರಿಸಿದವರು ನಿಮ್ಮ ಅಜ್ಜ. ಇಂಟರ್ನೆಟ್ ಎಲ್ಲಿ ಸರಾಗವಾಗಿ ಹೋಗುತ್ತದೆ, ಎಲ್ಲಿ ತಡೆಯುತ್ತದೆ ಎಂದು ಅದು ಸದಾ ಅಳೆದು ದೂರದ ಕೇಂದ್ರಕ್ಕೆ ತಿಳಿಸುತ್ತದೆ. ಲೋಕದ ಎಷ್ಟೋ ಮನೆಗಳಲ್ಲಿ ಜನ ತಾವಾಗಿಯೇ, ಬಿಟ್ಟಿಯಾಗಿ, ಇಂಥದ್ದನ್ನು ಇಟ್ಟುಕೊಂಡಿದ್ದಾರಂತೆ. ಅದರ ಮೇಲೆ ಸಾಲಾಗಿರುವ ಪುಟ್ಟ ದೀಪಗಳಲ್ಲಿ ಕೊನೆಯದು ನಿಧಾನವಾಗಿ ಮಿಣುಕುತ್ತಿದ್ದರೆ ಕೇಂದ್ರದ ಜೊತೆ ಸಂಪರ್ಕ ಇದೆ ಎಂದರ್ಥ; ಆರಿದರೆ ಮಲಗುವ ಕೋಣೆಗೆ ಹೋಗಿ ಅಲ್ಲಿರುವ ರೂಟರ್‌ನ ವಯರ್ ನೋಡಬೇಕು. "ನೋಡೇ, ದೇವರ ದೀಪಕ್ಕಿಂತ ಇದು ಸಲೀಸು, ಎಣ್ಣೆ ಹಾಕೋದೂ ಬೇಡ," ಎಂದು ನನಗೆ ಹೇಳಿಕೊಟ್ಟಿದ್ದರು. ಅವರು ತೀರಿಹೋದ ಮೇಲೆ ಅದನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು.

ನಿಧಿ, ಆಗ ನಿನಗೆ ಮೂರು ವರ್ಷ. ಅಥರ್ವ ಇನ್ನೂ ಹುಟ್ಟಿರಲಿಲ್ಲ. ಆಯುಧಪೂಜೆ ಕಳೆದು ಎರಡು ದಿನವಾಗಿತ್ತು. ನಿನಗೆ ಜ್ವರ. ನಿನ್ನ ಅಮ್ಮ ಔಷಧಿ ಕುಡಿಸಿ, ಆ ರೂಟರ್ ಇರುವ ಕೋಣೆಯಲ್ಲೇ ಮಲಗಿಸಿ, ಬಾಗಿಲು ಮುಚ್ಚಿ, ಅರ್ಧ ದಿನಕ್ಕೆಂದು ಐರೋಲಿಯ ಆಫೀಸಿಗೆ ಹೊರಟಳು. "ಅತ್ತೆ, ಈಗಷ್ಟೇ ಮಲಗಿದ್ದಾಳೆ. ಬಾಗಿಲು ತೆಗೀಬೇಡಿ, ಎದ್ರೆ ಮತ್ತೆ ಹಠ ಶುರು," ಅಂದಳು.

ನಾನು ಹಾಲ್‌ನಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಾ ಕುಳಿತೆ. ಸ್ವಲ್ಪ ಹೊತ್ತಿಗೆ ತಲೆಯೆತ್ತಿದರೆ ಕೊನೆಯ ದೀಪ ಆರಿತ್ತು. ಪೂಜೆಯಂದು ಪೆಟ್ಟಿಗೆಗೂ ಕುಂಕುಮ ಹಚ್ಚಿದ್ದೆ. ಅದೇ ಮೆತ್ತಿಕೊಂಡಿರಬೇಕೆಂದು ಸೆರಗಿನಿಂದ ಒರೆಸಿದೆ. ಆದರೂ ಬೆಳಕಿಲ್ಲ. ಫ್ಯಾನ್ ತಿರುಗುತ್ತಿತ್ತು, ಉಳಿದ ದೀಪಗಳೂ ಉರಿಯುತ್ತಿದ್ದವು. ಬಾಗಿಲು ತೆಗೆಯಲೋ ಬೇಡವೋ ಎಂದು ಹಿಂದೆಮುಂದೆ ನೋಡಿದೆ. ಯಾರದೋ ಅಳತೆ ನಮ್ಮಿಂದ ತಪ್ಪಬಾರದು ಎನ್ನುತ್ತಿದ್ದರು ಅಜ್ಜ. ವಯರ್ ನೋಡಿ ಬರೋಣವೆಂದು ಸದ್ದಾಗದಂತೆ ಬಾಗಿಲು ತೆಗೆದೆ.

ನಿನ್ನ ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿತ್ತು. ಕೈಕಾಲು ಅದುರುತ್ತಿದ್ದವು, ಬಾಯಿಂದ ಒಂದು ಸದ್ದೂ ಇಲ್ಲ. ಎತ್ತಿಕೊಂಡು ಹೊರಗೋಡಿ ಎದುರು ಮನೆಯ ಮರಾಠಿ ಹೆಂಗಸು ಕಾಕುವಿನ ಬಾಗಿಲು ಬಡಿದೆ. "ಆಜಿ, ಚಲಾ ಲೌಕರ್! ಚಪ್ಪಲ್ ರಾಹೂ ದ್ಯಾ," ಎಂದು ಬೇಗ ಹೊರಡಿಸಿ, ಚಪ್ಪಲಿ ಹಾಕಿಕೊಳ್ಳಲೂ ಬಿಡದೆ ಆಕೆ ನನ್ನನ್ನು ಬರಿಗಾಲಲ್ಲೇ ರಿಕ್ಷಾ ಹತ್ತಿಸಿದಳು. ಜ್ವರ ಏರಿ ಫಿಟ್ಸ್ ಬಂದಿದೆ, ಬೇಗ ತಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರ್. ಸಂಜೆ ನೀನು ಬಿಸ್ಕೆಟ್ ಕೇಳಿದಾಗ ನಾನು ಅತ್ತುಬಿಟ್ಟೆ.

ಮನೆಗೆ ಬಂದಾಗ ದೀಪ ಎಂದಿನಂತೆ ಮಿಣುಕುತ್ತಿತ್ತು. ವಯರ್ ಯಾರೂ ಮುಟ್ಟಿರಲಿಲ್ಲ. ನಿಮ್ಮ ಅಪ್ಪ ಕೇಂದ್ರದ ವೆಬ್‌ಸೈಟಿನಲ್ಲಿ ನಮ್ಮ ಪೆಟ್ಟಿಗೆಯ ದಾಖಲೆ ನೋಡಿದ. ಸಂಪರ್ಕ ಯಾವಾಗ ಕಡಿಯಿತು, ಯಾವಾಗ ಬಂತು ಎಂಬುದೆಲ್ಲ ಅಲ್ಲಿರುತ್ತದೆ. "ಅಮ್ಮಾ, ಇವತ್ತು ಒಂದ್ ಸಲಾನೂ ಕಟ್ ಆಗಿಲ್ಲ. ನಿನ್ನ ಕಣ್ಣಿನ ಪೊರೆ ಇರಬೇಕು," ಅಂದ. ಪೊರೆ ತೆಗೆಸಿ ವರ್ಷವಾಗಿದ್ದು ಅವನಿಗೆ ಮರೆತೇಹೋಗಿತ್ತು.

ಅಜ್ಜ ಮಾಡಿದ್ದು ಎಂದು ಹೇಳುವ ಧೈರ್ಯ ನನಗಿಲ್ಲ. ಕಣ್ಣು ತಪ್ಪಿತು ಎನ್ನಲೂ ಮನಸ್ಸು ಒಪ್ಪುವುದಿಲ್ಲ. ಯಾರಿಗೆ ಕೈಮುಗಿಯಬೇಕೋ ತಿಳಿಯದೆ, ಬೆಳಿಗ್ಗೆ ದೇವರಿಗೆ ಮುಗಿದ ಕೈಯನ್ನೇ ಪೆಟ್ಟಿಗೆಯ ಕಡೆಗೂ ತಿರುಗಿಸುತ್ತೇನೆ. ನಿಧಿ, ನೀನೀಗ ನನಗಿಂತ ಎತ್ತರ ಬೆಳೆದಿದ್ದೀಯ. ಕಾರಣ ಗೊತ್ತಾದರೆ ಹೇಳು. ಗೊತ್ತಾಗದಿದ್ದರೂ ಚಿಂತೆಯಿಲ್ಲ, ನೀನಿದ್ದೀಯಲ್ಲ. ಈ ಪುಟಗಳನ್ನು ಮಾತ್ರ ಇಬ್ಬರೂ ಜೋಪಾನವಾಗಿ ಇಟ್ಟುಕೊಳ್ಳಿ.